ವೈಯಾಕರಣರ ಧಾತು, ವೈದ್ಯರ ಧಾತು

‘ಮಾಡು’, ‘ನೋಡು’, ‘ತಿನ್ನು’ – ಇವು ಧಾತುಗಳು ಎಂದು ಕನ್ನಡ ಮೇಷ್ಟ್ರು ಹೇಳಿಕೊಡುತ್ತಾರೆ. ರಕ್ತ, ಮಾಂಸ, ಮೂಳೆಗಳೂ ಧಾತುಗಳೇ ಎನ್ನುತ್ತಾರೆ ಆಯುರ್ವೇದ ಪಂಡಿತರು. ಎರಡು ಶಾಸ್ತ್ರಗಳು ಒಂದೇ ಹೆಸರನ್ನು ಇಟ್ಟುಕೊಂಡದ್ದು ಆಕಸ್ಮಿಕವಲ್ಲ.

ಧರಿಸು, ಪೋಷಿಸು ಎಂಬ ಅರ್ಥದ ಸಂಸ್ಕೃತದ ‘ಧಾ’ ಇದರ ಮೂಲ. ಋಗ್ವೇದದ ‘ತ್ರಿಧಾತು’ವಿಗೆ ಮೂರು ಭಾಗಗಳುಳ್ಳದ್ದು ಎಂದರ್ಥ. ಹೀಗೆ, ಒಂದು ವಸ್ತುವನ್ನು ಕಟ್ಟಿ ನಿಲ್ಲಿಸುವ ಅಂಶವೇ ಧಾತು. ದೇಹವನ್ನು ಹಾಗೆ ನಿಲ್ಲಿಸುವವು ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಏಳು. ಉಂಡ ಅನ್ನ ರಸವಾಗಿ, ರಸ ರಕ್ತವಾಗಿ, ಹೀಗೆ ಒಂದು ಇನ್ನೊಂದನ್ನು ಪೋಷಿಸುತ್ತ ಸಾಗುತ್ತದೆ. ಧಾತುಗಳ ಸಮತೋಲವನ್ನು ಕಾಪಾಡುವುದೇ ಚಿಕಿತ್ಸೆಯ ಗುರಿ ಎಂದಿತು ಚರಕಸಂಹಿತೆ.

ಮಾತಿನ ದೇಹಕ್ಕೂ ಇದೇ ನೋಟ ಒಗ್ಗಿತು: ಪದವನ್ನು ಕಟ್ಟಿ ನಿಲ್ಲಿಸುವ ಕ್ರಿಯಾಮೂಲವೇ ಅಲ್ಲಿ ಧಾತು. ಪಾಣಿನಿ ಪರಂಪರೆಯ ಧಾತುಪಾಠ ಸುಮಾರು 2000 ಧಾತುಗಳನ್ನು ಹತ್ತು ಗಣಗಳಲ್ಲಿ ಜೋಡಿಸಿದೆ. ನಾಮಪದಗಳೆಲ್ಲ ಕ್ರಿಯೆಯಿಂದಲೇ ಹುಟ್ಟಿದವು ಎಂದು ಪ್ರಾಚೀನ ವೈಯಾಕರಣ ಶಾಕಟಾಯನ ವಾದಿಸಿದ, ಇನ್ನೊಬ್ಬ ಪಂಡಿತ ಗಾರ್ಗ್ಯ ಒಪ್ಪಲಿಲ್ಲ. ಆ ಜಗಳ ಯಾಸ್ಕನ ಪದವ್ಯುತ್ಪತ್ತಿ ಗ್ರಂಥ ‘ನಿರುಕ್ತ’ದಲ್ಲಿ ಇನ್ನೂ ಬಿಸಿಯಾಗಿಯೇ ಇದೆ.

ಹದಿಮೂರನೆಯ ಶತಮಾನದ ಕನ್ನಡ ವೈಯಾಕರಣ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಧಾತುಗಳಿಗೆಂದೇ ಒಂದು ಪ್ರಕರಣ ಇಟ್ಟ. ಇಲ್ಲಿ ಕನ್ನಡದ ಗುಣ ಎದ್ದು ಕಾಣುತ್ತದೆ. ಸಂಸ್ಕೃತದ ‘ಗಮ್’, ‘ಕೃ’ ಪ್ರತ್ಯಯ ಹತ್ತದೆ ಯಾರ ಬಾಯಲ್ಲೂ ಬರುವುದಿಲ್ಲ; ಅವು ಪಂಡಿತರು ಪದವನ್ನು ಬಿಡಿಸಿ ಕಂಡುಕೊಂಡವು. ನಮ್ಮ ‘ನೋಡು’ ಹಾಗಲ್ಲ. ಧಾತುವೂ ಅದೇ, ತಾಯಿ ಮಗುವಿಗೆ ಹೇಳುವ ಮಾತೂ ಅದೇ. ಎರವಲು ಪರಿಭಾಷೆಯೊಂದು ಇಷ್ಟು ಸಲೀಸಾಗಿ ನೆಲೆಗೊಂಡದ್ದು ನಿಜಕ್ಕೂ ಸಂತೋಷದ ಸಂಗತಿ.

ವೈದ್ಯದ ಕಡೆ ಪದದ ಪಾಡು ಬೇರೆಯಾಯಿತು. ಆಡುಮಾತಿನಲ್ಲಿ ಏಳು ಧಾತುಗಳು ಕರಗಿ ಶುಕ್ರವೊಂದೇ ‘ಧಾತು’ವಾಗಿ ಉಳಿಯಿತು. ಅದು ಸೋರಿಹೋದರೆ ಬಲವೇ ಹೋದಂತೆ ಎಂಬ ಭಯ ಬೆಳೆಯಿತು. ಸುಸ್ತು, ನಿದ್ರಾಹೀನತೆ, ಕಳವಳ ಎಂದು ಬರುವ ಯುವಕರ ಈ ಸಂಕಟಕ್ಕೆ 1960ರಲ್ಲಿ ಮನೋವೈದ್ಯ ಎನ್. ಎನ್. ವಿಗ್ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಹೆಸರು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣಕ್ಕೂ ಸೇರಿತು. ಇಂಥ ರೋಗಿಗೆ ದೇಹದ ಸಹಜ ವ್ಯಾಪಾರವನ್ನು ಬಿಡಿಸಿ ಹೇಳಿ ಭಯ ತೆಗೆಯುವುದು ಚಿಕಿತ್ಸೆಯ ದೊಡ್ಡ ಭಾಗ. ಕಳವಳ, ಖಿನ್ನತೆ ಜೊತೆಗಿದ್ದರೆ ಅದಕ್ಕೂ ಮದ್ದು ಕೊಡುತ್ತಾರೆ.