ಕಳೆದು ಕಟ್ಟಿದ ಕಾರು

ಮೋಟಾರು ಕಾರಿನ ಚರಿತ್ರೆಯನ್ನು ಶಕ್ತಿಯ ಚರಿತ್ರೆಯೆಂದೇ ಬರೆಯುವುದು ರೂಢಿ. ಒಂದು ವರ್ಷ ಇಷ್ಟು ಅಶ್ವಶಕ್ತಿ, ಮರುವರ್ಷ ಅದಕ್ಕೂ ಮಿಗಿಲು, ಹೀಗೆ ಆ ಕಥೆ ಏರುತ್ತಲೇ ಹೋಗುತ್ತದೆ. ಇದಕ್ಕೆ ತಲೆಕೆಳಗಾದ ಇನ್ನೊಂದು ಚರಿತ್ರೆಯೂ ಉಂಟು. ಅದು ತೂಕವನ್ನು ಇಳಿಸುತ್ತ ಹೋದವರ ಚರಿತ್ರೆ. ಆ ಸಾಲಿನ ಒಂದು ಕಾರನ್ನು ಕುರಿತು ಈ ದಿನ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. 1957ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆ ಕಾರಿನ ಹೆಸರು ಲೋಟಸ್ ಸೆವೆನ್.

ನೋಡುವುದಕ್ಕೆ ಅದು ಅರ್ಧ ಕಟ್ಟಿ ಬಿಟ್ಟ ಕಾರಿನಂತಿತ್ತು. ಬಾಗಿಲಿಲ್ಲ. ಟಾಪು ಎಂಬುದು ಹೆಸರಿಗೆ ಮಾತ್ರ. ಮಳೆ ಬಂದರೆ ನೆನೆಯುವುದು, ಚಳಿ ಬಂದರೆ ನಡುಗುವುದು, ಇವೆರಡೂ ಖರೀದಿಯ ಕರಾರಿನಲ್ಲಿಯೇ ಸೇರಿದ್ದುವೆನ್ನಬೇಕು. ಮುಂದಿನ ಚಕ್ರಗಳು ಒಡಲಿನಿಂದ ಹೊರಗೆ ಚಾಚಿಕೊಂಡಿದ್ದುವು. ವಾರವೆಲ್ಲ ಇದರಲ್ಲಿ ಕೆಲಸಕ್ಕೆ ಹೋಗಿ ಬಂದು, ರಜೆಯ ದಿನ ಇದನ್ನೇ ಪಂದ್ಯದ ಬಯಲಿಗೆ ಒಯ್ದು ಓಡಿಸಿ, ಸಂಜೆ ಇದರಲ್ಲಿಯೇ ಮನೆಗೆ ಮರಳಬಹುದು. ಇದೇ ಅದರ ಉದ್ದೇಶ.

ಇದನ್ನು ಕಲ್ಪಿಸಿದ ಕಾಲಿನ್ ಚಾಪ್‌ಮನ್ ಹುಟ್ಟಿದ್ದು 1928ರಲ್ಲಿ. ಅವನ ತಂದೆ ಉತ್ತರ ಲಂಡನ್ನಿನ ಹಾರ್ನ್‌ಸಿಯಲ್ಲಿ ಒಂದು ಪಾನಗೃಹವನ್ನು ನಡೆಸುತ್ತಿದ್ದ. ಮಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಲಿತದ್ದು ಮೋಟಾರಿನ ವಿದ್ಯೆಯನ್ನಲ್ಲ, ಕಟ್ಟಡ ಮತ್ತು ಸೇತುವೆಗಳ ವಿದ್ಯೆಯನ್ನು. ಜೊತೆಯಲ್ಲಿ ವಿಮಾನ ನಡೆಸುವುದನ್ನೂ ಕಲಿತ. ಬಿಡುವಿನಲ್ಲಿ ಹಳೆಯ ಕಾರುಗಳನ್ನು ಕೊಂಡು ಮಾರುವ ಸಣ್ಣ ವ್ಯಾಪಾರವಿತ್ತು. 1947ರ ಕೊನೆಗೆ ಬ್ರಿಟಿಷ್ ಸರ್ಕಾರ ಸ್ವಂತ ಓಡಾಟಕ್ಕೆ ಕೊಡುತ್ತಿದ್ದ ಪೆಟ್ರೋಲನ್ನು ನಿಲ್ಲಿಸಿದಾಗ ಆ ಪೇಟೆ ಒಮ್ಮೆಗೇ ಬಿದ್ದುಹೋಯಿತು. ಮಾರಾಟವಾಗದೆ ಒಂದು ಹಳೆಯ ಆಸ್ಟಿನ್ ಸೆವೆನ್ ಕೈಯಲ್ಲಿ ಉಳಿಯಿತು. ಅದನ್ನು ಅವನು ತನ್ನ ಗೆಳತಿ ಹೇಜಲ್ ವಿಲಿಯಮ್ಸಳ ತಂದೆತಾಯಿಯರ ಮನೆಯ ಹಿಂದಿನ ಷೆಡ್ಡಿನಲ್ಲಿ ಬಿಚ್ಚಿ, ಬೇರೆಯ ಒಡಲು ಕಟ್ಟಿ, ಸ್ಪರ್ಧೆಯ ಕಾರನ್ನಾಗಿ ಮಾಡಿದ. 1952ರ ಜನವರಿ 1ರಂದು ಲೋಟಸ್ ಕಂಪನಿ ಆರಂಭವಾದಾಗ ಮೂಲಧನ 25 ಪೌಂಡು. ಅದೂ ಹೇಜಲ್ ಕೊಟ್ಟ ಸಾಲ. ಮುಂದೆ ಆಕೆ ಅವನ ಹೆಂಡತಿಯಾದಳು. ಕಾರ್ಖಾನೆಯೆಂದರೆ ತಂದೆಯ ಪಾನಗೃಹದ ಹಿಂದಿದ್ದ ಹಳೆಯ ಕುದುರೆಲಾಯ. ಕಂಪನಿಗೆ ತಾವರೆಯ ಹೆಸರನ್ನು ಏಕಿಟ್ಟನೆಂಬುದನ್ನು ಚಾಪ್‌ಮನ್ ಬಿಡಿಸಿ ಹೇಳಲಿಲ್ಲ. ನೀರನ್ನು ಒತ್ತದೆ ನೀರಿನ ಮೇಲೆ ನಿಲ್ಲುವ ತಾವರೆಯೆಲೆಯನ್ನು ಕಂಡ ನಮಗೆ ಆ ಹೆಸರು ತಕ್ಕುದೆಂದೇ ತೋರುತ್ತದೆ.

ಇವನ ಬುದ್ಧಿ ಹೇಗೆ ಓಡುತ್ತಿತ್ತೆಂಬುದಕ್ಕೆ ಒಂದು ನಿದರ್ಶನ. ಆಸ್ಟಿನ್ ಸೆವೆನ್ ಕಾರುಗಳ ಪಂದ್ಯಗಳಲ್ಲಿ ಎಂಜಿನ್ನಿನ ಮೂಲರೂಪವನ್ನು ಬದಲಿಸಬಾರದೆಂಬ ನಿಯಮವಿತ್ತು. ಆ ಎಂಜಿನ್ನಿಗೆ ಸಿಲಿಂಡರು ನಾಲ್ಕು, ಗಾಳಿ ಮತ್ತು ಪೆಟ್ರೋಲು ಒಳಹೋಗುವ ದ್ವಾರ ಎರಡೇ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಂದು ದ್ವಾರಕ್ಕಾಗಿ ಕಿತ್ತಾಡುತ್ತಿದ್ದುವು. ಚಾಪ್‌ಮನ್ ಎಂಜಿನ್ನನ್ನು ಮುಟ್ಟಲಿಲ್ಲ. ಒಳಗೆ ಹೋಗುವ ಕೊಳವೆಯಲ್ಲಿ ಒಂದು ಅಡ್ಡಗೋಡೆಯನ್ನು ಇಳಿಸಿ ಎರಡನ್ನು ನಾಲ್ಕಾಗಿಸಿದ. 1951ರಲ್ಲಿ ಅವನ ಕಾರಿನ ಮುಂದೆ ಉಳಿದವು ನಿಲ್ಲಲಿಲ್ಲ. ಆಮೇಲೆ ನಿಯಮವನ್ನೇ ತಿದ್ದಿ ಆ ಉಪಾಯವನ್ನು ನಿಷೇಧಿಸಬೇಕಾಯಿತು. ನಿಯಮದಲ್ಲಿ ಬರೆದದ್ದನ್ನು ಎಲ್ಲರೂ ಓದುತ್ತಾರೆ. ಇವನು ಬರೆಯದೆ ಬಿಟ್ಟದ್ದನ್ನು ಓದುತ್ತಿದ್ದ.

ಸೇತುವೆಯ ವಿದ್ಯೆ ಅವನಿಗೆ ಒದಗಿಬಂದದ್ದು ಕಾರಿನ ಚಾಸಿಯಲ್ಲಿ. ಅಂದಿನ ಬಹುಪಾಲು ಕಾರುಗಳಿಗೆ ಏಣಿಯಂಥ ಭಾರವಾದ ಉಕ್ಕಿನ ಚಾಸಿ ಇರುತ್ತಿತ್ತು. ಏಣಿಯ ಎರಡು ತುದಿಗಳನ್ನು ಹಿಡಿದು ತಿರುಚಿದರೆ ಅದು ನುಲಿಯುತ್ತದೆ. ನುಲಿಯದಂತೆ ಮಾಡಲು ದಪ್ಪವಾಗಿಸಬೇಕು, ದಪ್ಪವಾದಷ್ಟೂ ತೂಕ. ಚಾಪ್‌ಮನ್ ಇದನ್ನು ಬಿಟ್ಟು ತೆಳುವಾದ ಉಕ್ಕಿನ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದು ಒಂದು ಪಂಜರವನ್ನು ಕಟ್ಟಿದ. ನಾಲ್ಕು ಕಡ್ಡಿಗಳ ಚೌಕವನ್ನು ಒತ್ತಿದರೆ ಅದು ಓರೆಯಾಗುತ್ತದೆ. ಮೂರು ಕಡ್ಡಿಗಳ ತ್ರಿಕೋನ ಹಾಗಾಗದು. ಯಾವುದಾದರೂ ಒಂದು ಕಡ್ಡಿಯ ಉದ್ದವೇ ಬದಲಾಗದೆ ಅದರ ಆಕಾರ ಕೆಡುವಂತಿಲ್ಲ. ರೈಲು ಸೇತುವೆಯ ಬದಿಯ ಕಬ್ಬಿಣದ ಹಂದರವನ್ನು ಕಂಡವರಿಗೆ ಈ ತತ್ತ್ವ ಹೊಸದಲ್ಲ. ಸೆವೆನ್ನಿಗೆ ಮೊದಲು ಬಂದ ಮಾರ್ಕ್ ಸಿಕ್ಸ್ ಎಂಬ ಕಾರಿನಲ್ಲಿ ಈ ಪಂಜರದ ತೂಕ ಸುಮಾರು 25 ಕಿಲೋಗ್ರಾಂ, ಎಂದರೆ ಸಿಮೆಂಟಿನ ಅರ್ಧ ಮೂಟೆ. ಅದರ ಮೇಲೆ ತೆಳ್ಳನೆಯ ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದು ಕೂಡಿಸಿದರೆ, ಆ ತಗಡು ಬರಿಯ ಹೊದಿಕೆಯಾಗಿ ಉಳಿಯದೆ ಪಂಜರದ ಬಿಗಿಯನ್ನೂ ಹೆಚ್ಚಿಸುತ್ತಿತ್ತು.

ಒಂದು ವಸ್ತುವಿನಿಂದ ಎರಡು ಕೆಲಸ ಎಂಬ ಈ ಜಿಪುಣತನ ಸೆವೆನ್ನಿನ ಎಲ್ಲೆಡೆಯಲ್ಲಿಯೂ ಕಾಣುತ್ತದೆ. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲದಂತೆ ತಡೆಯಲು ಮುಂಭಾಗದಲ್ಲಿ ಒಂದು ಉಕ್ಕಿನ ಸರಳು ಅಡ್ಡಕ್ಕೆ ಇರುತ್ತದೆ. ಉಳಿದ ಕಾರುಗಳಲ್ಲಿ ಅದಕ್ಕೆ ಅದೊಂದೇ ಕೆಲಸ. ಚಾಪ್‌ಮನ್ ಅದೇ ಸರಳಿನ ತುದಿಗಳನ್ನು ಚಕ್ರಗಳನ್ನು ಹಿಡಿಯುವ ಮೇಲಿನ ತೋಳುಗಳ ಒಂದು ಅಂಗವಾಗಿಯೂ ಬಳಸಿಕೊಂಡ. ಅಲ್ಲಿಗೆ ಎರಡು ತುಂಡು ಉಕ್ಕು ಉಳಿಯಿತು. ಹೀಗೆ ಉಳಿಸಿ ಉಳಿಸಿ ಕಾರಿನ ಒಟ್ಟು ತೂಕ ಅರ್ಧ ಟನ್ನಿಗೂ ಕಡಿಮೆಯಾಯಿತು. ನಮ್ಮ ರಸ್ತೆಗಳಲ್ಲಿ ಬಹುಕಾಲ ಓಡಿದ ಅಂಬಾಸಿಡರ್ ಒಂದು ಟನ್ನನ್ನು ಮೀರಿತ್ತೆಂಬುದನ್ನು ನೆನೆದರೆ ಇದರ ಅರ್ಥವಾದೀತು. ಮೊದಲ ಸೆವೆನ್ನಿನಲ್ಲಿದ್ದುದು 1172 ಸಿಸಿಯ ಸಾಧಾರಣ ಫೋರ್ಡ್ ಎಂಜಿನ್. ಅದರ ಬಲ ಸುಮಾರು 40 ಅಶ್ವಶಕ್ತಿ. ಅಷ್ಟೇ ಸಾಕಾಯಿತು.

ತೆರಿಗೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಆಗ ಬ್ರಿಟನ್ನಿನಲ್ಲಿ ಪೂರ್ತಿ ಕಾರಿಗೆ ಭಾರಿ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ತಾನೇ ಜೋಡಿಸಿಕೊಂಡರೆ ತೆರಿಗೆಯಿಲ್ಲ. ಹೀಗಾಗಿ ಸೆವೆನ್ ಹೆಚ್ಚಾಗಿ ಮಾರಾಟವಾದದ್ದು ಪೆಟ್ಟಿಗೆಗಳಲ್ಲಿ ತುಂಬಿದ ಭಾಗಗಳಾಗಿ. ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು. ಜೋಡಿಸುವ ಕ್ರಮವನ್ನು ಅಚ್ಚು ಮಾಡಿ ಕೊಡಬಾರದೆಂಬ ನಿಯಮವಿದ್ದುದರಿಂದ ಕಂಪನಿಯವರು ಬಿಚ್ಚುವ ಕ್ರಮವನ್ನು ಕೊಟ್ಟು, ಅದನ್ನು ಹಿಂದುಮುಂದಾಗಿ ಓದಿಕೊಳ್ಳಲು ಗಿರಾಕಿಗಳಿಗೇ ಬಿಟ್ಟರೆಂಬ ಕಥೆ ಪ್ರಸಿದ್ಧವಾಗಿದೆ. ಕಥೆಯಾದರೂ ಆ ಮನುಷ್ಯನಿಗೆ ಒಪ್ಪುವ ಕಥೆ.

ಇನ್ನು ಓಡಿಸುವ ಅನುಭವ. ಕೇಳುಗರಲ್ಲಿ ಗಾಡಿ ಹೊಡೆದವರಿದ್ದರೆ ಅವರಿಗೆ ನನ್ನ ಮಾತು ಬೇಗ ತಿಳಿದೀತು. ಎತ್ತಿನ ಗಾಡಿಗೆ ಹೊರೆ ಹೇರುವಾಗ ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಇಳಿಜಾರು ಬಂದಾಗ ಗಾಡಿಯವನು ತಾನೇ ಹಿಂದಕ್ಕೆ ಸರಿದು ಕೂರುತ್ತಾನೆ. ಭಾರ ಎಷ್ಟೆಂಬುದು ಒಂದು ಪ್ರಶ್ನೆ, ಓಡುವಾಗ ಅದು ಎಲ್ಲಿ ಬೀಳುತ್ತದೆಂಬುದು ಇನ್ನೊಂದು. ಕಾರಿನಲ್ಲಿಯೂ ಹೀಗೆಯೆ. ಬ್ರೇಕು ಒತ್ತಿದರೆ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ವೇಗ ಕೊಟ್ಟರೆ ಹಿಂದಿನವುಗಳ ಮೇಲೆ, ತಿರುಗಿಸಿದರೆ ಹೊರಮಗ್ಗುಲಿನ ಮೇಲೆ. ಟಯರಿಗೆ ಒಂದು ಸ್ವಭಾವವಿದೆ: ಹೊರೆ ಇಮ್ಮಡಿಯಾದರೆ ಅದರ ಹಿಡಿತವೂ ಇಮ್ಮಡಿಯಾಗುವುದಿಲ್ಲ, ಅಷ್ಟಕ್ಕಿಂತ ಕಡಿಮೆಯೇ ಆಗುತ್ತದೆ. ಆದುದರಿಂದ ಹಗುರವಾದ ಕಾರು ಅದೇ ಬಗೆಯ ಟಯರಿನಲ್ಲಿ ಭಾರವಾದ ಕಾರಿಗಿಂತ ಚುರುಕಾಗಿ ತಿರುಗಬಲ್ಲುದು, ಬೇಗ ನಿಲ್ಲಬಲ್ಲುದು. ಎಂಜಿನ್ನಿನ ಬಲ ನೇರ ರಸ್ತೆಯಲ್ಲಿ ಮಾತ್ರ ಉಪಕಾರಿ. ತೂಕ ಕಡಿಮೆಯಾದರೆ ತಿರುವಿನಲ್ಲಿಯೂ ಲಾಭ, ಬ್ರೇಕಿನಲ್ಲಿಯೂ ಲಾಭ.

ಸೆವೆನ್ನಿನಲ್ಲಿ ಕುಳಿತವನ ಬೆನ್ನು ಹಿಂದಿನ ಅಚ್ಚಿಗೆ ತಾಗುವಷ್ಟು ಹತ್ತಿರ. ಪಕ್ಕದಿಂದ ಕೈ ಇಳಿಬಿಟ್ಟರೆ ರಸ್ತೆಯನ್ನು ಮುಟ್ಟಬಹುದು. ಕಣ್ಣಿಗೆ ಮೊದಲು ಉದ್ದನೆಯ ಮೂತಿ, ಅದರಾಚೆ ಎಡಬಲಕ್ಕೆ ಚಕ್ರಗಳು ಏಳುವುದು, ಇಳಿಯುವುದು, ಹೊರಳುವುದು, ಎಲ್ಲವೂ ಕಾಣುತ್ತದೆ. ಸ್ಟಿಯರಿಂಗನ್ನು ತಿರುಗಿಸಬೇಕಾಗಿಲ್ಲ, ಮಣಿಕಟ್ಟನ್ನು ಕೊಂಚ ಹೊರಳಿಸಿದರೆ ಸಾಕು. ರಸ್ತೆಯ ಒಂದೊಂದು ಹರಳೂ ಅಂಗೈಗೆ ಸುದ್ದಿ ಕಳುಹಿಸುತ್ತದೆ. ತಿರುವಿನ ನಡುವೆ ಗಾಬರಿಯಿಂದ ವೇಗದ ಪೆಡಲಿನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಜಾರಿ ಹಿಂಭಾಗ ಹೊರಕ್ಕೆ ಸರಿಯುತ್ತದೆ. ಮೆಲ್ಲನೆ ಮತ್ತೆ ಒತ್ತಿದರೆ ಅದು ಸಾಲಿಗೆ ಬರುತ್ತದೆ. ಸಾರಥಿಯ 70 ಕಿಲೋ ಕಾರಿನ ತೂಕದ ಏಳರಲ್ಲೊಂದು ಪಾಲಿಗೆ ಹತ್ತಿರವಾದುದರಿಂದ ಅವನು ಹೊರೆಯೂ ಹೌದು, ಯಂತ್ರದ ಒಂದು ಭಾಗವೂ ಹೌದು. ಆದರೆ ಗಾಳಿಯನ್ನು ಸೀಳುವ ಆಕಾರ ಇದಕ್ಕಿಲ್ಲ. ನೇರವಾದ ರಸ್ತೆಯಲ್ಲಿ ವೇಗ ಏರಿದಂತೆಲ್ಲ ಗಾಳಿ ಗೋಡೆಯಂತೆ ಎದುರು ನಿಲ್ಲುತ್ತಿತ್ತು. ತಿರುವುಗಳ ದಾರಿಯಲ್ಲಿ ದೊಡ್ಡ ಕಾರುಗಳನ್ನು ಹಿಂದಿಕ್ಕಿ, ನೇರ ದಾರಿಯಲ್ಲಿ ಅವುಗಳಿಗೆ ದಾರಿ ಬಿಡುವುದೇ ಸೆವೆನ್ನಿನವರ ಪಾಡು. 1961ರಲ್ಲಿ ಬಂದ ಸೂಪರ್ ಸೆವೆನ್ನಿಗೆ ಕಾಸ್‌ವರ್ತ್ ಕಂಪನಿಯವರು ಹದಗೊಳಿಸಿದ, 80ಕ್ಕೂ ಮೀರಿದ ಅಶ್ವಶಕ್ತಿಯ ಎಂಜಿನ್ ದೊರೆತು ಈ ಕೊರತೆ ಕೊಂಚ ನೀಗಿತು.

ಇಷ್ಟರವರೆಗೆ ಲಾಭದ ಲೆಕ್ಕ. ನಷ್ಟದ ಪುಟವನ್ನೂ ತೆರೆಯಬೇಕು. 1960ರಲ್ಲಿ ಸೆವೆನ್ನಿನ ಎರಡನೆಯ ಮಾದರಿ ಬಂದಿತು. ವೆಚ್ಚವನ್ನೂ ತೂಕವನ್ನೂ ಇಳಿಸಲು ಚಾಪ್‌ಮನ್ ಪಂಜರದಿಂದ ಕೆಲವು ಕೊಳವೆಗಳನ್ನು ತೆಗೆದುಹಾಕಿದ. ಹಿಂದಿನ ಅಚ್ಚನ್ನು ಹಿಡಿಯಲು ಒಂದು ತ್ರಿಕೋನದ ತೋಳನ್ನು ಡಿಫರೆನ್ಷಿಯಲ್ ಪೆಟ್ಟಿಗೆಯ ಕೆಳಭಾಗಕ್ಕೆ ಬಿಗಿದ. ಆ ಪೆಟ್ಟಿಗೆ ಬೇರೊಂದು ಸಾಧು ಕಾರಿಗಾಗಿ ಎರಕವಾದುದು. ಇಂಥ ಎಳೆತವನ್ನು ಅದು ಕನಸಿನಲ್ಲಿಯೂ ಕಂಡಿರಲಿಲ್ಲ. ಅದು ಬಾಗಿತು, ಎಣ್ಣೆ ಸೋರಿತು. ಎಷ್ಟನ್ನು ತೆಗೆಯಬಹುದೆಂಬ ಪ್ರಶ್ನೆಗೆ ಉತ್ತರವನ್ನು ಗಿರಾಕಿಯ ಕಾರು ರಸ್ತೆಯ ಮೇಲೆ ಹೇಳಬೇಕಾಯಿತು.

ಸೆವೆನ್ನಿನಲ್ಲಿ ಸೋರಿದ್ದು ಎಣ್ಣೆ. ಅದೇ ಕಂಪನಿಯ ಗ್ರಾಂಪ್ರಿ ಕಾರುಗಳಲ್ಲಿ ಇದೇ ಲೆಕ್ಕ ಹೆಚ್ಚಿನ ಬೆಲೆಯನ್ನು ಕೇಳಿತು. 1960ರ ಜೂನಿನಲ್ಲಿ ಬೆಲ್ಜಿಯಮ್ಮಿನ ಸ್ಪಾ ಎಂಬಲ್ಲಿ ಅಭ್ಯಾಸ ನಡೆಯುತ್ತಿದ್ದಾಗ ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದ ಲೋಟಸ್ಸಿನ ಹಿಂದಿನ ಚಕ್ರ ಕಳಚಿಹೋಯಿತು. ಅವನ ಎರಡು ಕಾಲುಗಳೂ ಮುರಿದುವು. ಅದೇ ದಿನ ಮೈಕ್ ಟೇಲರ್ ಎಂಬಾತನ ಲೋಟಸ್ಸಿನಲ್ಲಿ ಸ್ಟಿಯರಿಂಗಿನ ಬೆಸುಗೆ ಬಿಟ್ಟಿತು. ಬದುಕಿದ ಟೇಲರ್ ಕಂಪನಿಯ ಮೇಲೆ ದಾವೆ ಹೂಡಿ ಪರಿಹಾರ ಪಡೆದ. 1969ರಲ್ಲಿ ಬಾರ್ಸಿಲೋನಾದಲ್ಲಿ ಲೋಟಸ್ ಕಾರುಗಳ ಹಿಂದಿನ ರೆಕ್ಕೆಗಳು ಕುಸಿದು ಅಪಘಾತಕ್ಕೀಡಾದ ಯೋಖನ್ ರಿಂಟ್, ಕೆಲವೇ ದಿನಗಳಲ್ಲಿ ಚಾಪ್‌ಮನ್ನನಿಗೆ ಪತ್ರ ಬರೆದ. ನಿಮ್ಮ ಕಾರುಗಳಿಗೆ ವೇಗ ಸಾಕಷ್ಟಿದೆ, ದುರ್ಬಲ ಭಾಗಗಳಿಗೆ ಕೆಲವು ಪೌಂಡು ತೂಕ ಸೇರಿಸಿದರೂ ನಾವು ಹಿಂದೆ ಬೀಳುವುದಿಲ್ಲ ಎಂಬುದು ಅದರ ತಾತ್ಪರ್ಯ. ಮರುವರ್ಷ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ, ಅಭ್ಯಾಸದ ವೇಳೆಯಲ್ಲಿ, ಅವನ ಲೋಟಸ್ಸಿನ ಮುಂದಿನ ಬ್ರೇಕಿನ ದಂಡ ತುಂಡಾಯಿತು. ಕಾರು ರಸ್ತೆಯ ಬದಿಯ ತಡೆಗೆ ಅಪ್ಪಳಿಸಿ ಅವನು ಸತ್ತ. ಆ ತಡೆಯನ್ನು ಸರಿಯಾಗಿ ನಿಲ್ಲಿಸಿರಲಿಲ್ಲವೆಂಬುದೂ, ರಿಂಟ್ ಸೊಂಟದ ಕೆಳಗಿನ ಪಟ್ಟಿಯನ್ನು ಕಟ್ಟಿಕೊಂಡಿರಲಿಲ್ಲವೆಂಬುದೂ ನಿಜವೇ. ಚಾಪ್‌ಮನ್ನನನ್ನು ಇಟಲಿಯ ನ್ಯಾಯಾಲಯ ವರ್ಷಗಳ ಮೇಲೆ ದೋಷಮುಕ್ತನೆಂದು ಬಿಟ್ಟಿತು. ಉಳಿದ ಪಂದ್ಯಗಳಲ್ಲಿ ಯಾರೂ ರಿಂಟನ ಅಂಕಗಳನ್ನು ಮೀರಲಿಲ್ಲ. ಸತ್ತ ಮೇಲೆ ಫಾರ್ಮುಲಾ ಒಂದರ ವಿಶ್ವವಿಜೇತನಾದವನು ಅವನೊಬ್ಬನೇ.

ಆ ಪತ್ರದ ಮಾತು ನ್ಯಾಯವಾದುದೆಂದೇ ನನ್ನ ಎಣಿಕೆ. ಸೇತುವೆ ಕಟ್ಟುವವನು ಹೊರಬೇಕಾದ ಭಾರದ ಹಲವು ಪಟ್ಟನ್ನು ಲೆಕ್ಕಕ್ಕೆ ಹಿಡಿದು ಕಟ್ಟುತ್ತಾನೆ. ಚಾಪ್‌ಮನ್ ಸೇತುವೆಯ ವಿದ್ಯೆಯಿಂದ ತ್ರಿಕೋನವನ್ನು ತಂದ. ಆ ಉಳಿತಾಯದ ಅಂಶವನ್ನು ಅಲ್ಲಿಯೇ ಬಿಟ್ಟುಬಂದನೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಅವನ ವಿಶ್ವಪ್ರಶಸ್ತಿಗಳೂ ಅದೇ ಲೆಕ್ಕದಿಂದ ಬಂದವೆಂಬುದನ್ನು ಮರೆಯುವಂತಿಲ್ಲ. 1982ರ ಡಿಸೆಂಬರಿನಲ್ಲಿ, ತನ್ನ 54ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ಅವನು ತೀರಿಕೊಂಡ.

ಅಷ್ಟು ಹೊತ್ತಿಗೆ ಸೆವೆನ್ ಅವನ ಕೈಬಿಟ್ಟು ಒಂಬತ್ತು ವರ್ಷಗಳಾಗಿದ್ದುವು. 1973ರಲ್ಲಿ ಬ್ರಿಟನ್ನಿಗೆ ಹೊಸ ತೆರಿಗೆ ಪದ್ಧತಿ ಬಂದು ಪೆಟ್ಟಿಗೆಯ ಕಾರಿಗಿದ್ದ ರಿಯಾಯಿತಿ ಹೋಯಿತು. ಸುಮಾರು ಎರಡೂವರೆ ಸಾವಿರ ಕಾರುಗಳನ್ನು ಮಾಡಿದ್ದ ಲೋಟಸ್, ಅದರ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಮಾರಾಟದ ಸಂಸ್ಥೆಗೆ ಕೊಟ್ಟುಬಿಟ್ಟಿತು. ಅವರು ಹಳೆಯ ಮೂರನೆಯ ಮಾದರಿಯನ್ನೇ ಮತ್ತೆ ಕಟ್ಟತೊಡಗಿದರು. 2021ರಲ್ಲಿ ಹೊರತಂದ, ಸುಜುಕಿಯ 660 ಸಿಸಿ ಎಂಜಿನ್ನಿನ ಒಂದು ಮಾದರಿಯ ತೂಕ 440 ಕಿಲೋಗ್ರಾಂ. ಹಳೆಯ ಲೋಟಸ್ ಸೆವೆನ್ನುಗಳನ್ನು ಇಟ್ಟುಕೊಂಡವರು ಇಂದಿಗೂ ಅವನ್ನು ಪಂದ್ಯಗಳಿಗೆ ಒಯ್ಯುತ್ತಾರೆ. ಎರಡನೆಯ ಮಾದರಿಯ ಒಡೆಯರಲ್ಲಿ ಹಲವರು ಓಡಿಸುವ ಮೊದಲು ಮಾಡಿಸುವ ಕೆಲಸವೊಂದಿದೆ. ಚಾಪ್‌ಮನ್ ತೆಗೆದುಹಾಕಿದ ಕೊಳವೆಗಳ ಜಾಗದಲ್ಲಿ ಮತ್ತೆ ಕೊಳವೆಗಳನ್ನಿಟ್ಟು ಬೆಸೆಯಿಸುತ್ತಾರೆ.