ಮೈಸೂರು ಸಂಪದಭ್ಯುದಯ ಸಮಾಜ

ಕನ್ನಡ ಸಾಹಿತ್ಯ ಪರಿಷತ್ತಿನ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ 1915ನೆಯ ಇಸವಿಯ ಮೇ ತಿಂಗಳಿನಿಂದ ಆರಂಭಿಸುತ್ತಾರೆ. ಬೆಂಗಳೂರಿನಲ್ಲಿ ನೆರೆದ ವಿದ್ವಜ್ಜನ, ಪ್ರಥಮ ಅಧ್ಯಕ್ಷರಾದ ಎಚ್.ವಿ. ನಂಜುಂಡಯ್ಯನವರು, ಆ ಕಾರ್ಯಕ್ಕೆ ಹೆಗಲು ಕೊಟ್ಟ ಕರ್ಪೂರ ಶ್ರೀನಿವಾಸರಾಯರು - ಇಷ್ಟು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಆದರೆ ಅಂಥದೊಂದು ಸಭೆ ಸೇರಬೇಕೆಂಬ ಯೋಚನೆ ಹುಟ್ಟಿದ್ದು ಕಾವ್ಯಗೋಷ್ಠಿಯಲ್ಲಲ್ಲ. ಬೆಳೆ, ರೇಷ್ಮೆ, ಬಂಡವಾಳ, ಕೈಗಾರಿಕೆಗಳನ್ನು ಚರ್ಚಿಸಲೆಂದೇ ಸ್ಥಾಪಿತವಾಗಿದ್ದ ಮೈಸೂರು ಸಂಪದಭ್ಯುದಯ ಸಮಾಜದಲ್ಲಿ. ಅರ್ಥಾಭಿವೃದ್ಧಿಯ ಸಂಸ್ಥೆಯೊಂದು ನುಡಿಯ ಅಭಿವೃದ್ಧಿಯನ್ನು ತನ್ನ ಕೆಲಸವೆಂದು ಏಕೆ ಭಾವಿಸಿತೆಂಬುದು ವಿಚಾರಾರ್ಹವಾದ ವಿಷಯ.

ಇದನ್ನು ತಿಳಿಯಲು ಕೊಂಚ ಹಿಂದಕ್ಕೆ ಹೋಗಬೇಕು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಪ್ರಜೆಗಳು 50 ಲಕ್ಷ 55 ಸಾವಿರ ಮಂದಿ; ಹತ್ತು ವರ್ಷಗಳ ತರುವಾಯ ಎಣಿಸಿದಾಗ ಉಳಿದವರು 41 ಲಕ್ಷ 86 ಸಾವಿರ. ನಡುವೆ ಬಂದದ್ದು 1876-78ರ ಮಹಾಕ್ಷಾಮ. 1881ರಲ್ಲಿ ರಾಜ್ಯವು ಮರಳಿ ಒಡೆಯರ ಕೈಗೆ ಬಂದಿತಾದರೂ ಸುಮಾರು ಒಂದು ಕೋಟಿ ರೂಪಾಯಿಗಳ ಆದಾಯದಲ್ಲಿ ಬ್ರಿಟಿಷರಿಗೆ ಪ್ರತಿವರ್ಷ 24½ ಲಕ್ಷ ಪೊಗದಿಯನ್ನು ಸಲ್ಲಿಸಬೇಕಾಗಿತ್ತು. 1896ರಿಂದ ಅದು 35 ಲಕ್ಷವಾಯಿತು. ಬರಗಾಲದ ಭಯ ಒಂದೆಡೆ, ಬರಿದಾಗುವ ಬೊಕ್ಕಸ ಇನ್ನೊಂದೆಡೆ. ದಿವಾನ್ ರಂಗಾಚಾರ್ಲು ಅವರೂ ಅವರ ಅನಂತರ ಬಂದ ಶೇಷಾದ್ರಿ ಅಯ್ಯರ್ ಅವರೂ ರೈಲುಹಾದಿಯನ್ನೂ ಕೆರೆಕಾಲುವೆಗಳನ್ನೂ ಹೆಚ್ಚಿಸಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ತೊಂಬತ್ತಕ್ಕೂ ಹೆಚ್ಚು ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದು ನಿಸ್ಸಂಶಯವಾಗಿ ದೊಡ್ಡ ಸಾಧನೆ. ಆದರೂ ಆ ಗಣಿಗಳು ಇಂಗ್ಲೆಂಡಿನ ಕಂಪೆನಿಗಳವು. ಕಾವೇರಿಯ ನೀರು ಬೆಳಕಾಗಿ ಹರಿದರೂ ಅದರ ದಡದ ರೈತನ ಮನೆ ಕತ್ತಲಲ್ಲಿಯೇ ಇತ್ತು.

ಬಿಡಿಬಿಡಿಯಾದ ಕಾಮಗಾರಿಗಳಿಂದ ಒಂದು ನಾಡು ಏಳಲಾರದು, ಬೇಸಾಯ ಉದ್ಯಮ ವಿದ್ಯೆಗಳನ್ನು ಒಟ್ಟಿಗೆ ಹೂಡಬೇಕು ಎಂಬ ನಿಲುವನ್ನು ಖಚಿತವಾಗಿ ಮುಂದಿಟ್ಟವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. 1898ರಲ್ಲಿಯೇ ಜಪಾನನ್ನು ಕಣ್ಣಾರೆ ಕಂಡು ಬಂದಿದ್ದ ಅವರು 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದರು. ಅವರ ಸಲಹೆಯಂತೆ ರೂಪುಗೊಂಡ ಸಂಪದಭ್ಯುದಯ ಸಮಾಜವನ್ನು 1911ರ ಜೂನ್ 10ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಸಮಾಜಕ್ಕೆ ವ್ಯವಸಾಯ, ವಿದ್ಯೆ, ಕೈಗಾರಿಕೆ-ವಾಣಿಜ್ಯ ಎಂದು ಮೂರು ಸಮಿತಿಗಳು. ಅವುಗಳಲ್ಲಿ ಅಧಿಕಾರಿಗಳ ಜೊತೆಗೆ ಸಾಹುಕಾರರು, ಜಮೀನುದಾರರು, ವಿದ್ಯಾವಂತರು. ಕ್ರಮೇಣ ಜಿಲ್ಲೆಗೊಂದು, ತಾಲ್ಲೂಕಿಗೊಂದು ಸಮಿತಿ ಏರ್ಪಟ್ಟಿತು. ನಮ್ಮ ದೇಶದಲ್ಲಿ ಪಂಚವಾರ್ಷಿಕ ಯೋಜನೆಗಳು ಆರಂಭವಾದದ್ದು 1951ರಲ್ಲಿ ಎಂಬುದನ್ನು ನೆನೆದರೆ, ಅದಕ್ಕೆ ನಾಲ್ಕು ದಶಕಗಳ ಮೊದಲೇ ತಾಲ್ಲೂಕಿನ ಉತ್ಪನ್ನವನ್ನೂ ಕೊರತೆಯನ್ನೂ ಪಟ್ಟಿಮಾಡಹೊರಟ ಈ ಪ್ರಯತ್ನದ ಮಹತ್ತ್ವ ತಿಳಿದೀತು.

ಸಮಾಜದ ಕಾಲದಲ್ಲಿ ಹುಟ್ಟಿದ ಸಂಸ್ಥೆಗಳು ಹಲವು. ಬಂಡವಾಳಕ್ಕೆ 1913ರಲ್ಲಿ ಮೈಸೂರು ಬ್ಯಾಂಕು, ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ, 1916ರಲ್ಲಿ ವಾಣಿಜ್ಯ ಮಂಡಲಿ. ಇವೆಲ್ಲಕ್ಕಿಂತ ಬೋಧಪ್ರದವಾದದ್ದು ಗಂಧದ ಕಥೆ. ಶ್ರೀಗಂಧ ಸರ್ಕಾರದ ಸ್ವತ್ತು. ಅದುವರೆಗೆ ಮರವನ್ನು ಹರಾಜು ಹಾಕುವುದಷ್ಟೇ ಮೈಸೂರಿನ ಕೆಲಸ, ಎಣ್ಣೆಯ ಲಾಭವೆಲ್ಲ ಅದನ್ನು ಬಟ್ಟಿಯಿಳಿಸುತ್ತಿದ್ದ ಪರದೇಶದವರಿಗೆ, ಮುಖ್ಯವಾಗಿ ಜರ್ಮನರಿಗೆ. 1914ರಲ್ಲಿ ಮಹಾಯುದ್ಧ ಸಿಡಿಯಲು ಕೊಳ್ಳುವವರಿಲ್ಲದೆ ಕೊರಡುಗಳು ಕೋಠಿಗಳಲ್ಲಿಯೇ ಉಳಿದವು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ತೆಗೆಯುವ ಪ್ರಯೋಗವನ್ನು ನಡೆಸಿದರು. ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾದ ಆಲ್ಫ್ರೆಡ್ ಚಾಟರ್ಟನ್ನರು ಅದರ ಬೆನ್ನಿಗೆ ನಿಂತರು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಎಣ್ಣೆಯ ಕಾರ್ಖಾನೆಗಳು ಎದ್ದವು. ಆ ಎಣ್ಣೆಯಿಂದಲೇ ಮೈಸೂರು ಸ್ಯಾಂಡಲ್ ಸಾಬೂನು ಬಂದಿತು. ಕಾಡು ಅದೇ, ಮರ ಅದೇ. ಕಚ್ಚಾಮಾಲನ್ನು ಮಾರುತ್ತಿದ್ದ ನಾಡು ಪಕ್ವವಸ್ತುವನ್ನು ಮಾರತೊಡಗಿತು. ಉತ್ಪಾದಕತೆಯೆಂಬ ಇಂದಿನ ಪಾರಿಭಾಷಿಕ ಪದವನ್ನು ವಿದ್ಯಾರ್ಥಿಗೆ ಬಿಡಿಸಿ ಹೇಳಲು ಇದಕ್ಕಿಂತ ಸುಲಭವಾದ ಉದಾಹರಣೆಯನ್ನು ನಾನು ಕಂಡಿಲ್ಲ. ಆದರೆ ಎಲ್ಲವೂ ಹೀಗೆ ಫಲಿಸಲಿಲ್ಲವೆಂಬುದನ್ನೂ ಹೇಳಬೇಕು. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಯುದ್ಧಾನಂತರದ ಬೆಲೆಯಿಳಿತಕ್ಕೆ ಸಿಕ್ಕಿ ವರ್ಷಗಟ್ಟಲೆ ಏದುಸಿರು ಬಿಟ್ಟಿತು.

ಇನ್ನು ವಿದ್ಯೆಯ ಮಾತು. ಆ ಕಾಲದ ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಹೊಸ ಬಿತ್ತನೆಯ ಕ್ರಮವಾಗಲಿ ಸಹಕಾರ ಸಂಘದ ನಿಯಮವಾಗಲಿ ಅಚ್ಚಾಗಿ ಹಳ್ಳಿಗೆ ಬಂದರೆ ಓದುವವರಾರು? ಓದಬಲ್ಲವನಿಗಾದರೂ ಆ ಶಾಸ್ತ್ರ ಯಾವ ಭಾಷೆಯಲ್ಲಿ ದೊರೆಯಬೇಕು? ಸಂಪತ್ತಿನ ಪ್ರಶ್ನೆ ಇಲ್ಲಿಗೆ ಬಂದಾಗ ನುಡಿಯ ಪ್ರಶ್ನೆಯಾಗುತ್ತದೆ. 1913ರ ಪ್ರಾಥಮಿಕ ಶಿಕ್ಷಣ ಶಾಸನ, 1916ರ ಮೈಸೂರು ವಿಶ್ವವಿದ್ಯಾನಿಲಯ, ಇವೆರಡರ ನಡುವೆ ಪರಿಷತ್ತು ಜನಿಸಿದ್ದು ಆಕಸ್ಮಿಕವಲ್ಲ. ಶಾಸ್ತ್ರಗ್ರಂಥಗಳು, ಪಾರಿಭಾಷಿಕ ಶಬ್ದಗಳು, ಪ್ರಾಂತಪ್ರಾಂತಕ್ಕೆ ಬೇರೆಯಾಗಿದ್ದ ಬರಹದ ರೂಢಿಗಳಲ್ಲಿ ಏಕರೂಪತೆ - ಇವು ಅದರ ಮುಂದಿದ್ದ ಕೆಲಸಗಳು. ಕರ್ಪೂರ ಶ್ರೀನಿವಾಸರಾಯರು ವೃತ್ತಿಯಿಂದ ಇಂಜಿನಿಯರಾಗಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಅವರ ನಿರ್ಗಮನದ ಕಾರಣವೇ ಈ ಸಂಕಲ್ಪದ ಕುಂದನ್ನು ತೋರಿಸುತ್ತದೆ. ಶಾಲೆಯೂ ಸರ್ಕಾರಿ ಹುದ್ದೆಯೂ ಹೆಚ್ಚಿದರೂ ಅವುಗಳ ಫಲ ಮೊದಲೇ ಓದಿದ್ದ ಕೆಲವರ ಪಾಲಾಗುತ್ತಿದೆಯೆಂಬ ದೂರು 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಲಿಯ ಮೂಲಕ ಮಹಾರಾಜರನ್ನು ಮುಟ್ಟಿತು. 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾಯಿತು. ಹುದ್ದೆಗಳಲ್ಲಿ ಪಾಲು ಗೊತ್ತುಮಾಡಿದರೆ ದಕ್ಷತೆ ಕುಗ್ಗುವುದೆಂದು ಬಗೆದ ದಿವಾನರು ಅಧಿಕಾರವನ್ನು ಬಿಟ್ಟರು. ಸಮಿತಿಯಾದರೋ 1919ರಲ್ಲಿ ಹಿಂದುಳಿದ ಸಮುದಾಯಗಳ ಪರವಾಗಿಯೇ ವರದಿ ಕೊಟ್ಟಿತು. ವಿಶ್ವೇಶ್ವರಯ್ಯನವರ ದೂರದೃಷ್ಟಿಯನ್ನು ಎಷ್ಟು ಗೌರವಿಸಿದರೂ ಈ ವಿಷಯದಲ್ಲಿ ಮಹಾರಾಜರ ಕಡೆಯೇ ನ್ಯಾಯವಿತ್ತೆಂದು ಹೇಳದೆ ನಿರ್ವಾಹವಿಲ್ಲ. ವಿದ್ಯೆಯೇ ಬಂಡವಾಳವೆಂದ ಮೇಲೆ ಆ ಬಂಡವಾಳ ಯಾರ ಮನೆಯಲ್ಲಿದೆಯೆಂದು ಕೇಳಿದವರನ್ನು ತಪ್ಪೆನ್ನಲಾಗದು.

ನೀರು, ಬೆಳೆ, ಕಾರ್ಖಾನೆ ಮೂರನ್ನೂ ಒಂದೇ ಸೀಮೆಯಲ್ಲಿ ಕೂಡಿಸುವ ಕಲ್ಪನೆ ಪೂರ್ಣವಾಗಿ ಕೈಗೂಡಿದ್ದು ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿ, ಮಂಡ್ಯದಲ್ಲಿ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು ಹುಲಿಕೆರೆಯ ಸುರಂಗವನ್ನು ದಾಟಿ ನಾಲೆಯಲ್ಲಿ ಹರಿಯಿತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ ಕಬ್ಬು ಬಂದಿತು. 1933ರಲ್ಲಿ ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಮಳೆಯನ್ನೇ ನಂಬಿದ್ದ ಒಣಭೂಮಿ ಒಂದು ತಲೆಮಾರಿನೊಳಗೆ ಹಸುರಾಯಿತು.

ಆದರೆ ಆ ಯೋಜನೆಗಳ ಎಲ್ಲೆ ಸಂಸ್ಥಾನದ ಎಲ್ಲೆಯೇ ಆಗಿತ್ತು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳ ಕನ್ನಡಿಗರನ್ನು ಮೊದಲಿಂದಲೂ ತನ್ನವರೆಂದು ಎಣಿಸಿದ್ದು ಅದೇ ಸಮಾಜದಿಂದ ಹೊರಟ ಪರಿಷತ್ತು. ಆರಂಭದಲ್ಲಿ ಅದರ ಹೆಸರೇ ಕರ್ನಾಟಕ ಸಾಹಿತ್ಯ ಪರಿಷತ್ತು. ನಾಡು 1956ರ ನವೆಂಬರ್ 1ರಂದು ಒಂದಾದಾಗ ಒಂದೊಂದು ಭಾಗವೂ ಬೇರೆಬೇರೆ ಆರ್ಥಿಕ ಚರಿತ್ರೆಯನ್ನು ಹೊತ್ತುಕೊಂಡೇ ಬಂದಿತು. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರ ತನ್ನ ವರದಿಯಲ್ಲಿ ಮತ್ತೆ ತಾಲ್ಲೂಕನ್ನೇ ಘಟಕವಾಗಿ ಹಿಡಿದು 175 ತಾಲ್ಲೂಕುಗಳನ್ನು ಅಳೆಯಿತು. ಅತ್ಯಂತ ಹಿಂದುಳಿದವೆಂದು ಗುರುತಿಸಿದ 39ರಲ್ಲಿ 21 ಗುಲ್ಬರ್ಗ ವಿಭಾಗದವು, ಮೈಸೂರು ವಿಭಾಗದವು 2 ಮಾತ್ರ. ಉಳಿದವುಗಳಲ್ಲಿ 5 ಬೆಳಗಾವಿ ವಿಭಾಗಕ್ಕೆ ಸೇರಿದ್ದರೆ, ರಾಜಧಾನಿಯನ್ನೇ ಒಳಗೊಂಡ ಬೆಂಗಳೂರು ವಿಭಾಗದಲ್ಲಿ 11 ಇದ್ದವು.