ಬೆಳಿಗ್ಗೆ ಎದ್ದು ಕೀ ಕೊಡುತ್ತಿದ್ದ ಕಾಲ

ಮೈಸೂರಿನ ದೊಡ್ಡ ಗಡಿಯಾರವನ್ನು 1927ರಲ್ಲಿ ಕಟ್ಟಿದಾಗ ಅದರ ಮುಖದ ಮೇಲೆ ಕನ್ನಡದ ಅಂಕಿಗಳನ್ನೇ ಕೂರಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಎದ್ದ 75 ಅಡಿಯ ಆ ಗೋಪುರ ಊರಿಗೆಲ್ಲ ಹೊತ್ತು ಹೇಳಬೇಕಿತ್ತು. ಅದರ ಕೆಳಗೆ ಓಡಾಡುವವರಲ್ಲಿ ಗಡಿಯಾರ ಇಟ್ಟುಕೊಂಡವರೇ ಕಡಿಮೆ. ಬೆಂಗಳೂರಿನ ಕೂಲಿಕಾರರು ಗಿರಣಿಯ ಕೂಗು ಕೇಳಿ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಹಳ್ಳಿಯಲ್ಲಿ ಅಂಗಳದ ನೆರಳು ಎಲ್ಲಿಗೆ ಬಂತೆಂದು ನೋಡಿದರೆ ಸಾಕಾಗಿತ್ತು.

ಕೈಗಡಿಯಾರವೆಂದರೆ ಸ್ವಿಟ್ಜರ್ಲೆಂಡಿನ ಸರಕು. ವೆಸ್ಟ್ ಎಂಡ್, ರೋಮರ್, ಫಾವ್ರ್ ಲೂಬಾ ಕಟ್ಟಿದವರು ವಕೀಲರೋ ಅಧಿಕಾರಿಗಳೋ ತೋಟದ ಧಣಿಗಳೋ ಆಗಿರುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ವಿದೇಶಿ ವಿನಿಮಯದ ಕೊರತೆಯಿಂದ ಆಮದಿಗೆ ಕಡಿವಾಣ ಬಿತ್ತು. ಕಳ್ಳಸಾಗಣೆಯ ವಾಚುಗಳು ಆ ಜಾಗ ತುಂಬಿದವು.

ಈ ಸ್ಥಿತಿಯನ್ನು ಬದಲಿಸಿದ್ದು ಬೆಂಗಳೂರಿನ ಜಾಲಹಳ್ಳಿ. ಅಲ್ಲಿ 1953ರಲ್ಲಿ ಹುಟ್ಟಿದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ (ಎಚ್‌ಎಂಟಿ) ಲೇತು, ಮಿಲ್ಲಿಂಗ್ ಯಂತ್ರಗಳಂಥ ಭಾರೀ ಸಾಮಾನು ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆ. 1961ರಲ್ಲಿ ಅದು ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ವಾಚು ಮಾಡಲು ಹೊರಟಿತು. ಟನ್‌ಗಟ್ಟಲೆ ತೂಗುವ ಯಂತ್ರ ಮಾಡಿದವರು ಚಿಮಟದಲ್ಲಿ ಮಾತ್ರ ಹಿಡಿಯಬಹುದಾದ ಹಲ್ಲಿನ ಚಕ್ರಗಳನ್ನು ಮಾಡತೊಡಗಿದರು. ಬಿಡಿಭಾಗಗಳನ್ನು ಜೋಡಿಸುವ ವಿಭಾಗದಲ್ಲಿ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಕೂರಿಸಿದರು. ಸಂಬಳದ ಕೆಲಸಕ್ಕೆ ಹೆಂಗಸರು ಹೊರಹೋಗುವುದೇ ಅಪರೂಪವಾಗಿದ್ದ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ. ಮೊದಲ ಕಂತಿನ ವಾಚುಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು.

ಜನತಾ, ಜವಾನ್, ಪೈಲಟ್, ಸುಜಾತಾ, ಕೊಹಿನೂರ್, ತರುಣ್. ಹೆಸರುಗಳಲ್ಲೇ ಆ ಕಾಲದ ಆಸೆಗಳಿವೆ. ಇವುಗಳಲ್ಲಿ ಹೆಚ್ಚು ಮನೆ ಹೊಕ್ಕದ್ದು ಜನತಾ. ಬಿಳಿಯ ಮುಖ, ತೆಳ್ಳನೆಯ ಮುಳ್ಳು, ಚರ್ಮದ ಪಟ್ಟಿ, ಆಡಂಬರವಿಲ್ಲ. ಒಳಗೆ 17 ಜ್ಯುವೆಲ್, ಅಂದರೆ ಅಚ್ಚುಗಳು ತಿರುಗುವ ಜಾಗ ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯದ ಹರಳುಗಳು. ಸುರುಳಿ ಸ್ಪ್ರಿಂಗ್ ಬಿಚ್ಚಿಕೊಳ್ಳುವ ಬಲವನ್ನು ಸೆಕೆಂಡಿಗೆ ಐದು ಟಿಕ್‌ಗಳಾಗಿ ಹಂಚುವ ಈ ಯಂತ್ರಕ್ಕೆ ಸೆಲ್ ಬೇಡ. ಪೂರ್ತಿ ಕೀ ಕೊಟ್ಟರೆ ಒಂದೂವರೆ ದಿನ ಓಡುತ್ತಿತ್ತು.

ಹಾಗಾಗಿ ದಿನಕ್ಕೊಮ್ಮೆ ಕೀ ಕೊಡುವುದು ಲಕ್ಷಾಂತರ ಮನೆಗಳ ರೂಢಿಯಾಯಿತು. ಸ್ನಾನ ಮುಗಿಸಿ, ಅಂಗಿ ತೊಟ್ಟು, ವಾಚು ಕಟ್ಟುವ ಮೊದಲು ಹೆಬ್ಬೆರಳು ತೋರುಬೆರಳ ನಡುವೆ ಕೀಲಿಯನ್ನು ತಿರುವುವುದು. ಬಿಗಿಯಾದ ಕೂಡಲೇ ನಿಲ್ಲಿಸುವುದು, ಇಲ್ಲದಿದ್ದರೆ ಸ್ಪ್ರಿಂಗ್ ತುಂಡಾದೀತೆಂಬ ಭಯ. ದಿನಕ್ಕೆ ಅರ್ಧ ನಿಮಿಷದಷ್ಟು ಹಿಂದುಮುಂದಾಗುವುದು ಸಹಜವಾದ್ದರಿಂದ ಆಕಾಶವಾಣಿಯ ವಾರ್ತೆಗೆ ಮುಂಚೆ ಬರುವ ಪೀಪ್ ಸದ್ದಿಗೆ ಮುಳ್ಳು ಸರಿಮಾಡಿಕೊಳ್ಳುವುದೂ ದಿನಚರಿಗೆ ಸೇರಿತು. ಎರಡು ಮೂರು ವರ್ಷಕ್ಕೊಮ್ಮೆ ಬಸ್‌ಸ್ಟ್ಯಾಂಡಿನ ಬಳಿಯ ಗಾಜಿನ ಪೆಟ್ಟಿಗೆಯಂಥ ಅಂಗಡಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ರಿಪೇರಿಯವರ ಮುಂದೆ ಅದನ್ನು ಬಿಚ್ಚಿಟ್ಟು ಎಣ್ಣೆ ಹಾಕಿಸುತ್ತಿದ್ದರು. ಒಮ್ಮೆ ಕೊಂಡರೆ ಒಂದು ಜೀವಮಾನಕ್ಕೆ ಆಯಿತು ಎಂಬುದು ಆಗಿನ ಲೆಕ್ಕಾಚಾರ.

ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಕೆಲಸಕ್ಕೆ ಸೇರಿದ ಮಗಳಿಗೆ, ನಿವೃತ್ತರಾದ ಮೇಷ್ಟ್ರಿಗೆ ವಾಚು. ಮದುವೆಯಲ್ಲಿ ಅಳಿಯನಿಗೆ ವಾಚು. ಕೀ ಕೊಡದೆ ಕೈಯ ಚಲನೆಯಿಂದಲೇ ಓಡುವ ಕಾಂಚನ್ ಬಂದಮೇಲೆ ಬೀಗರು ಅದನ್ನೇ ಹೆಸರು ಹಿಡಿದು ಕೇಳುವಂತಾಗಿ, ಹೆಣ್ಣು ಹೆತ್ತವರ ತಲೆಗೆ ಇನ್ನೊಂದು ಹೊರೆ ಬಿತ್ತು. ಬೇಡಿಕೆಯಷ್ಟು ಮಾಲು ಬರುತ್ತಿರಲಿಲ್ಲ. ಜನ ಕಾಯಬೇಕಿತ್ತು, ಇಲ್ಲವೇ ಹೆಚ್ಚಿನ ಬೆಲೆ ತೆರಬೇಕಿತ್ತು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಶುರುವಾಯಿತು. ಕಣ್ಣು ಕಾಣದವರು ಮುಟ್ಟಿ ಹೊತ್ತು ತಿಳಿಯುವ ಬ್ರೈಲ್ ವಾಚನ್ನೂ ಎಚ್‌ಎಂಟಿ ಮಾಡಿತು. ಲಾಲ್‌ಬಾಗಿನಲ್ಲಿ ಮಕ್ಕಳು ಈಗಲೂ ಮುತ್ತಿಕೊಳ್ಳುವ, ಏಳು ಮೀಟರ್ ಅಗಲದ ಹೂವಿನ ಗಡಿಯಾರ ಅದರದೇ ಕೊಡುಗೆ.

ಅಷ್ಟರಲ್ಲಿ ಜಗತ್ತು ಸ್ಫಟಿಕಕ್ಕೆ ಹೊರಳಿತ್ತು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೊ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಇಂದಿನ ಸಾಮಾನ್ಯ ಕ್ವಾರ್ಟ್ಜ್ ವಾಚಿನಲ್ಲಿ ಸೆಲ್‌ನ ವಿದ್ಯುತ್ತಿಗೆ ಸೆಕೆಂಡಿಗೆ 32,768 ಸಲ ಕಂಪಿಸುವ ಹರಳಿರುತ್ತದೆ. ಕೀ ವಾಚು ಒಂದು ದಿನದಲ್ಲಿ ತಪ್ಪುವಷ್ಟು ಹೊತ್ತು ತಪ್ಪಲು ಇದಕ್ಕೆ ಒಂದು ತಿಂಗಳು ಬೇಕು. ಎಚ್‌ಎಂಟಿಗೆ ಇದು ಗೊತ್ತಿಲ್ಲದ್ದೇನಲ್ಲ. 1980ರ ದಶಕದ ಆರಂಭದಲ್ಲೇ ಅದೂ ಕ್ವಾರ್ಟ್ಜ್ ವಾಚು ಹೊರತಂದಿತ್ತು. ಆದರೆ ಕೀ ವಾಚಿಗೆ ಜನ ಸಾಲುಗಟ್ಟಿರುವಾಗ ದಾರಿ ಬದಲಿಸುವ ತುರ್ತು ಅದಕ್ಕೆ ಕಾಣಲಿಲ್ಲ. ಟಾಟಾ ಸಮೂಹವೂ ತಮಿಳುನಾಡಿನ ಕೈಗಾರಿಕಾ ನಿಗಮವೂ ಸೇರಿ 1984ರಲ್ಲಿ ಕಟ್ಟಿದ ಟೈಟನ್, ಬೆಂಗಳೂರಿನ ಪಕ್ಕದ ಹೊಸೂರಿನಿಂದಲೇ ಕ್ವಾರ್ಟ್ಜ್ ಹಿಡಿದು ಬಂತು. ಬೆಳಗುವ ಮಳಿಗೆ, ಹತ್ತಾರು ಮಾದರಿ, ಟೀವಿ ಜಾಹೀರಾತಿನಲ್ಲಿ ಮೊಜಾರ್ಟ್‌ನ ಸಂಗೀತ. ಕೊಳ್ಳುವವರು ಮೊದಲ ಬಾರಿಗೆ ಆರಿಸಿಕೊಳ್ಳುವ ಸುಖ ಕಂಡರು. ಎಚ್‌ಎಂಟಿ ವಾಚು ಕೆಟ್ಟದಾಗಿದ್ದರಿಂದ ಸೋಲಲಿಲ್ಲ. ಗಿರಾಕಿ ಕಾಯುತ್ತಲೇ ಇರುತ್ತಾನೆ ಎಂದು ನಂಬಿದ್ದರಿಂದ ಸೋತಿತು.

2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ಜಾಲಹಳ್ಳಿಯಲ್ಲಿ ಈಗ ವಸ್ತುಸಂಗ್ರಹಾಲಯವಿದೆ.

ಮನೆಯ ಕಪಾಟಿನಲ್ಲಿ ಅಪ್ಪನದೋ ತಾತನದೋ ಜನತಾ ಇದ್ದರೆ ಸಿಕ್ಕೊಡನೆ ಕೀ ಕೊಡಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ವಾಚಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. ಹಾಗೇ ಓಡಿಸಿದರೆ ಅಚ್ಚು ಸವೆಯುತ್ತದೆ. ಹಳೆಯ ರಿಪೇರಿಯವರ ಬಳಿ ಒಯ್ದು ಬಿಚ್ಚಿಸಿ, ತೊಳೆಸಿ, ಹೊಸ ಎಣ್ಣೆ ಹಾಕಿಸಿ. ಈ ಕೆಲಸ ಬಲ್ಲವರು ಅಂಗಡಿ ಮುಚ್ಚುವ ಮೊದಲೇ ಹೋಗಿ.